ಬಾಯಿಗೆ ಅಡ್ಡ ಹಿಡಿದ ಕೈ

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿ ಯಾರೂ ಹೊರಗೆ ಬರುವುದಿಲ್ಲ. ಸಪ್ಪಳ ನಿಂತರೆ ಬರುತ್ತಾರೆ, ಕರೆಂಟು ಹೋಯಿತೇನೋ ಎಂದು. ನಮ್ಮ ಮನೆಯಲ್ಲೂ ನಾಲ್ಕು ಪವರ್‌ಲೂಮ್ ಇದ್ದವು. ಅವ್ವ ಮದುವೆಯಾಗಿ ಬಂದಾಗಿನಿಂದ ಅವುಗಳ ನಡುವೆಯೇ ನಿಂತು ಸೀರೆ ನೇಯ್ದವಳು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಅಪ್ಪ ಸೀರೆ ಗಂಟುಗಳ ಟೆಂಪೊ ಓಡಿಸುತ್ತಿದ್ದ, ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ಮಾತೆಂದರೆ ನಾನು ಅವ್ವನ ಎದುರು ನಿಂತು ಆಡುವ ಮಾತು, ಅಷ್ಟೆ.

ನನಗೆ ಹಲ್ಲಿನ ಮೇಲೆ ಹಲ್ಲು ಬಂದಿತ್ತು. ಹತ್ತನೇ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವ್ವನೇ ತೀರ್ಮಾನ ಮಾಡಿದಳು. "ಕ್ಲಿಪ್ ಹಾಕ್ಸೋಣು. ನಮ್ಮ ಕಾಲದಾಗ ಯಾರೂ ಕೇಳಲಿಲ್ಲ. ನಿನ್ನ ಹಲ್ಲರೆ ಛಲೋ ಆಗ್ಲಿ."

ಜಮಖಂಡಿಯ ಒಂದು ದವಾಖಾನೆಗೆ ತಿಂಗಳಿಗೊಮ್ಮೆ ಕ್ಲಿಪ್ ಹಾಕುವ ಡಾಕ್ಟರ್ ಮೇಡಂ ಬೇರೆ ಊರಿನಿಂದ ಬರುತ್ತಿದ್ದರು. ಜಾಗ ಸಾಲದು, ನಾಲ್ಕು ಹಲ್ಲು ಕೀಳಬೇಕು ಅಂದರು. ಚಿಕ್ಕವಳಿದ್ದಾಗ ಒಮ್ಮೆ ನನ್ನ ಕೈಕಾಲು ಒತ್ತಿ ಹಿಡಿದು ದವಡೆ ಹಲ್ಲು ಕಿತ್ತಿದ್ದರು. ಆ ಕುರ್ಚಿ ಹಿಂದಕ್ಕೆ ವಾಲಿದ್ದೇ ತಡ, ಅದೆಲ್ಲ ಮೈಯಲ್ಲಿ ಎದ್ದು ಬಂತು. ಕಾಲು ತಣ್ಣಗಾದವು. ಮೊದಲ ಸಲ ಸೂಜಿ ಕಂಡೊಡನೆ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡನೆಯ ಸಲ ಕಣ್ಣು ಮುಚ್ಚಿ ಹೇಗೋ ಮಾಡಿಸಿಕೊಂಡೆ. ಹಲ್ಲು ಕಿತ್ತ ಗಾಯ ಮಾಯ್ದ ಮೇಲೆ ಕ್ಲಿಪ್ ಕೂತಿತು. ಆಮೇಲೆ ಹೋಗಿಬರುವುದು ನನ್ನೊಬ್ಬಳ ಕೆಲಸವಾಯಿತು. ಅವ್ವ ಮಗ್ಗ ಬಿಟ್ಟು ಬರುವಂತಿರಲಿಲ್ಲ.

ಪಿಯುಸಿಯ ಮೊದಲ ವಾರ. ಊಟದ ಬಿಡುವಿನಲ್ಲಿ ಹುಡುಗಿಯರೆಲ್ಲ ಡಬ್ಬಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುತ್ತಿದ್ದರು. ಖಡಕ್ ರೊಟ್ಟಿ ಕಡಿದರೆ ಕ್ಲಿಪ್ ಕಿತ್ತು ಬರುತ್ತದೆಂದು ನಾನು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಒಯ್ಯುತ್ತಿದ್ದೆ. ನಕ್ಕಾಗ ಒಬ್ಬಳಿಗೆ ನನ್ನ ಹಲ್ಲು ಕಾಣಿಸಿತು.

"ಏನ್ಲೇ, ಬಾಯಿಗೆ ತಂತಿ ಬೇಲಿ ಹಾಕ್ಸೀ ಏನು?"

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅವಳಂತೂ ನಕ್ಕ ಮೇಲೆ ತನ್ನ ಡಬ್ಬಿಯನ್ನೂ ನನ್ನ ಕಡೆ ಸರಿಸಿದಳು. ನಾನೂ ನಕ್ಕೆ, ಕೈ ಬಾಯಿಗೆ ಅಡ್ಡ ಹಿಡಿದುಕೊಂಡು. ಆವತ್ತು ಮೇಲೆ ಹೋದ ಕೈ ಮತ್ತೆ ಕೆಳಗಿಳಿಯಲಿಲ್ಲ.

ಒಂದು ತಿಂಗಳಲ್ಲಿ ನಾನು ಮಹಡಿಯ ಮೆಟ್ಟಿಲ ಕೆಳಗೆ ಒಬ್ಬಳೇ ಉಣ್ಣತೊಡಗಿದೆ. ಯಾರೂ ನನ್ನನ್ನು ದೂರ ಮಾಡಿರಲಿಲ್ಲ. ಎರಡು ಮೂರು ಸಲ ಕರೆದರು, ಹೋಗಲಿಲ್ಲ, ಆಮೇಲೆ ಕರೆಯುವುದನ್ನು ಬಿಟ್ಟರು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ. ಕೆಲವು ದಿನ ಹಾಜರಿಗೆ "ಎಸ್ ಸರ್" ಅಂದದ್ದು ಬಿಟ್ಟರೆ ಇನ್ನೊಂದು ಮಾತಿಲ್ಲದೆ ಮನೆಗೆ ಬಂದದ್ದೂ ಉಂಟು.

ಮನೆಯಲ್ಲೂ ಕೈ ಅಲ್ಲೇ ಇರುತ್ತಿತ್ತು.

ಮೊದಮೊದಲು ಅವ್ವ, "ಏನಂದಿ?" ಎಂದು ಕೇಳುತ್ತಿದ್ದಳು. "ಏನಿಲ್ಲ" ಅನ್ನುತ್ತಿದ್ದೆ, ಅದನ್ನೂ ಕೈಯ ಹಿಂದಿನಿಂದಲೇ. ಎರಡನೆಯ ಸಲ ಕೇಳುತ್ತಿದ್ದಳು. ಬರಬರುತ್ತ ಒಂದೇ ಸಲ. ಆಮೇಲೆ ಕೇಳುವುದನ್ನೇ ನಿಲ್ಲಿಸಿ, ತಲೆಯಾಡಿಸಿ ಮಗ್ಗದ ಕಡೆ ತಿರುಗತೊಡಗಿದಳು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಪಕ್ಕದ ಮನೆಯ ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ನಾಲ್ಕೂ ಮಗ್ಗ ಓಡುತ್ತಿದ್ದವು. ಇಬ್ಬರೂ ದನಿಯಿಲ್ಲದೆ ತುಟಿಯಲ್ಲೇ ಏನೋ ಮಾತಾಡುತ್ತಿದ್ದರು, ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಬ್ಯಾಗು ಇಳಿಸದೆ ಅಲ್ಲೇ ನಿಂತೆ. ಏನು ಸಂಗತಿ ಎಂದು ಕೇಳಬೇಕೆನಿಸಿತು. ಕೈ ಬಾಯಿಗೆ ಹೋಯಿತು, ಒಳಗೆ ನಡೆದುಬಿಟ್ಟೆ.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಆಸೆ ತಡೆಯಲಾಗದೆ ಖಡಕ್ ರೊಟ್ಟಿ ಕಡಿದೆ. ಕ್ಲಿಪ್ಪಿನ ಒಂದು ಬಿಲ್ಲೆ ಹಲ್ಲಿನಿಂದ ಕಳಚಿ ತಂತಿಗೆ ಜೋತುಬಿತ್ತು. ಮೇಡಂ ಬೈಯುತ್ತಾರೆ, ಕ್ಲಿಪ್ ಅಂಟಿಸುವಾಗ ಹಲ್ಲು ಉಜ್ಜಿದ ಆ ಯಂತ್ರವನ್ನು ಮತ್ತೆ ಬಾಯಿಗೆ ಹಾಕುತ್ತಾರೆ ಎಂಬ ಹೆದರಿಕೆ ಹೊಕ್ಕಿತು. ಆ ತಿಂಗಳು ಜಮಖಂಡಿಗೆ ಹೋದೆ, ಆದರೆ ದವಾಖಾನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಎರಡು ತಾಸು ಕೂತೆ. ಮುಧೋಳದ ಬಸ್ಸು, ಬೀಳಗಿಯ ಬಸ್ಸು ಬಂದು ಹೋದವು. ಜನ ಇಳಿಯುತ್ತಿದ್ದರು, ಅವರನ್ನು ಕರೆದೊಯ್ಯಲು ಬಂದವರು ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದರು. ನಾನು ಬನಹಟ್ಟಿಯ ಬಸ್ಸು ಹಿಡಿದು ಮನೆಗೆ ಬಂದೆ. "ಆತು?" ಎಂದು ಅವ್ವ ಕೇಳಿದಳು. ಆಯಿತೆಂದು ತಲೆಯಾಡಿಸಿದೆ. ಮುಂದಿನ ತಿಂಗಳೂ ಹಾಗೇ ಮಾಡಿದೆ.

ಆಮೇಲೆ ಅವ್ವನ ಮೊಬೈಲಿಗೆ ಫೋನು ಬಂತು. ಫೋನಿನ ಮಾತು ಅವಳಿಗೆ ಕೇಳುತ್ತಿರಲಿಲ್ಲ, ಹಾಗಾಗಿ ಯಾವಾಗಲೂ ನನ್ನ ಕೈಗೇ ಕೊಡುತ್ತಿದ್ದಳು. "ಯಾರ ನೋಡು" ಎಂದು ಕೊಟ್ಟಳು. ಎರಡು ತಿಂಗಳಿಂದ ಯಾಕೆ ಬಂದಿಲ್ಲ ಎಂದು ದವಾಖಾನೆಯವರು ಕೇಳುತ್ತಿದ್ದರು. ಅವ್ವ ಎದುರಿಗೇ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಕೈ ಅಡ್ಡ ಹಿಡಿದು, "ಪರೀಕ್ಷೆ ಅದಾವ್ರಿ, ಆಮ್ಯಾಲ ಬರ್ತೀನ್ರಿ" ಅಂದು ಇಟ್ಟುಬಿಟ್ಟೆ.

"ಯಾರಂತ?"

"ರಾಂಗ್ ನಂಬರ್."

ಹತ್ತು ಹದಿನೈದು ದಿನಗಳಲ್ಲಿ ಸರಿದ ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚಿಕೊಂಡು ಹುಣ್ಣಾಯಿತು. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಉಗುಳಿನಲ್ಲಿ ರಕ್ತ ಬಿದ್ದದ್ದನ್ನು ಅವ್ವ ನೋಡಿದಳು. ಹೋಗಿ ನಾಲ್ಕೂ ಮಗ್ಗ ಬಂದ್ ಮಾಡಿದಳು. ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ತಾನು ಎದುರು ಕೂತು, ನನ್ನ ಮಣಿಕಟ್ಟು ಹಿಡಿದಳು.

"ಕೈ ತಗಿ. ನಿನ್ನ ಮಾತು ನನಗ ಕಾಣವಲ್ದು."

ನಾನು ಕೈ ತೆಗೆಯಲಿಲ್ಲ. ಅವಳೇ ಮೆಲ್ಲಗೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು.

"ಮಂದಿ ನೋಡಬಾರ್ದು ಅಂತ ಮುಚ್ಕೋತಿ, ಅದು ನನಗೂ ತಿಳಿತೈತಿ. ಆದ್ರ ನನಗ ಯಾಕ ಮುಚ್ಚಿದಿ?"

ಎಲ್ಲವನ್ನೂ ಹೇಳಿದೆ. ಬಿಲ್ಲೆ ಕಳಚಿದ್ದು, ಬಸ್ ಸ್ಟ್ಯಾಂಡು, ಮೆಟ್ಟಿಲ ಕೆಳಗಿನ ಊಟ. ಅಳುತ್ತಾ ಹೇಳಿದ್ದರಿಂದ ಕೆಲವನ್ನು ಎರಡೆರಡು ಸಲ ಹೇಳಬೇಕಾಯಿತು. ಫೋನಿನ ಮಾತು ಬಂದಾಗ ಅವಳು ನನ್ನ ತುಟಿಯಿಂದ ಕಣ್ಣು ಸರಿಸಿದಳು.

"ನಾ ಎದುರಿಗೇ ನಿಂತಿದ್ನಲ್ಲ" ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಡಂ ಬರುವ ದಿನ ಅವಳೇ ನನ್ನ ಜೊತೆ ಬಂದಳು. ಮೇಡಂ ಮಾಸ್ಕ್ ಹಾಕಿಕೊಂಡೇ ಮಾತಾಡುತ್ತಿದ್ದರು, ಅವ್ವ ಅವರ ಮಾಸ್ಕನ್ನೇ ನೋಡುತ್ತಾ ನಿಂತಿದ್ದಳು. "ಅವ್ವಗ ಕಿವಿ ಕೇಳಂಗಿಲ್ರಿ, ಬಾಯಿ ಕಾಣ್ಬೇಕ್ರಿ" ಅಂದೆ. ಮೇಡಂ ಮಾಸ್ಕ್ ಇಳಿಸಿ, ಅವ್ವನ ಎದುರು ಬಂದು, ನಿಧಾನವಾಗಿ ಹೇಳಿದರು.

"ಅಕ್ಕಾರ, ಬಿಲ್ಲೆ ಬಿದ್ರ ಅಂಟಸ್ಬಹುದು. ಅಂಜಿಕೊಂಡು ಬರೋದು ಬಿಟ್ಟವ್ರು ಇಕಿ ಒಬ್ಬಾಕಿ ಅಲ್ರಿ. ಬೈಯಬ್ಯಾಡ್ರಿ."

ಆಮೇಲೆ ನನಗೆ, "ತ್ರಾಸ ಅನ್ಸಿದ್ರ ಎಡಗೈ ಎತ್ತು, ನಿಲ್ಲಸ್ತೀನಿ" ಅಂದರು. ನಂಬಲಿಲ್ಲ. ನೋಡೇಬಿಡೋಣವೆಂದು ಸುಮ್ಮಸುಮ್ಮನೆ ಕೈ ಎತ್ತಿದೆ. ನಿಲ್ಲಿಸಿದರು. ಆ ದಿನ ಐದಾರು ಸಲ ಎತ್ತಿದ್ದೇನೆ, ಪ್ರತಿ ಸಲವೂ ನಿಲ್ಲಿಸಿದರು. ಕೆನ್ನೆ ಚುಚ್ಚದಂತೆ ತಂತಿಯ ತುದಿಗೆ ಮೇಣ ಹಚ್ಚುವುದನ್ನೂ ಹೇಳಿಕೊಟ್ಟರು. ಹೆದರಿಕೆ ಹೋಯಿತೆಂದಲ್ಲ. ಪ್ರತಿ ತಿಂಗಳು ಆ ಕುರ್ಚಿಗೆ ಹೋಗುವಾಗ ಕಾಲು ತಣ್ಣಗಾಗುವುದು ಕೊನೆಯವರೆಗೂ ತಪ್ಪಲಿಲ್ಲ. ಆದರೆ ಮತ್ತೆ ಒಂದು ತಿಂಗಳೂ ತಪ್ಪಿಸಲಿಲ್ಲ.

ಅವ್ವನ ಜೊತೆ ಮಾತು ಅಷ್ಟು ಬೇಗ ಮರಳಲಿಲ್ಲ. ಕೈ ತಾನಾಗಿ ಮೇಲೆ ಹೋಗುತ್ತಿತ್ತು, ನೆನಪಾದಾಗ ಇಳಿಸುತ್ತಿದ್ದೆ. ಫೋನು ಬಂದರೆ ಅವಳು ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಚಿಗವ್ವನ ಹತ್ತಿರ ಹೋಗುತ್ತಿದ್ದಳು. ನಾನು ಅಲ್ಲೇ ಕೂತಿದ್ದರೂ ದಾಟಿ ಹೋಗುತ್ತಿದ್ದಳು. ಬಹಳ ತಿಂಗಳ ಮೇಲೆ, ಚಿಗವ್ವ ಊರಲ್ಲಿಲ್ಲದ ಒಂದು ದಿನ, ಏನೂ ಅನ್ನದೆ ಮತ್ತೆ ನನ್ನ ಕೈಗೆ ಕೊಟ್ಟಳು. ನೂಲು ಕೊಡುವವರ ಫೋನು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ.

ಕ್ಲಿಪ್ ತೆಗೆಯುವ ಹೊತ್ತಿಗೆ ಪಿಯುಸಿ ಮುಗಿದು ವರ್ಷವಾಗುತ್ತ ಬಂದಿತ್ತು. ಜೊತೆಯಲ್ಲಿ ಓದಿದ ಹುಡುಗಿಯರಲ್ಲಿ ಇಬ್ಬರ ಮದುವೆಯಾಗಿತ್ತು, ಉಳಿದವರು ಬೇರೆ ಬೇರೆ ಕಾಲೇಜು ಸೇರಿದ್ದರು. ನಾನು ಕಟ್ಟಿಕೊಳ್ಳಬಹುದಾಗಿದ್ದ ಗೆಳೆತನಗಳೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದ ಆ ಎರಡು ವರ್ಷಗಳಲ್ಲೇ ಕಳೆದುಹೋಗಿದ್ದವು. ಹಲ್ಲು ಸಾಲಾಗಿ ಕೂತಿದ್ದವು. ನಾಲಿಗೆ ಆಡಿಸಿದರೆ ನುಣ್ಣಗೆ, ಯಾರದೋ ಬಾಯಿಯೊಳಗೆ ಹೊಕ್ಕಂತೆ. ಮೇಡಂ ಕನ್ನಡಿ ಹಿಡಿದು, "ನಗು ನೋಡೋಣು" ಅಂದರು. ಹೇಗೆ ನಗಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ.

ಆ ದಿನವೂ ಅವ್ವ ಜೊತೆಗೆ ಬಂದಿದ್ದಳು, ಹೊರಗೆ ಬಂದು ರಸ್ತೆಯ ಬದಿಯ ಅಂಗಡಿಯಲ್ಲಿ ಎರಡು ಚಹಾ ಹೇಳಿದಳು. ಅಂಗಡಿಯವನು ನನ್ನನ್ನು, "ಸಕ್ಕರಿ ಎಷ್ಟ್ರಿ?" ಎಂದು ಕೇಳಿದ. "ಕಡಿಮಿ ಹಾಕ್ರಿ" ಅಂದೆ, ಎಲ್ಲರಿಗೂ ಕೇಳುವಂತೆ. ಅವನು ತಲೆ ಎತ್ತಿ ನೋಡಲೂ ಇಲ್ಲ, ಚಹಾ ಸೋಸಿ ಕೊಟ್ಟ.