ಹವಳಗಾದ ಹೊಗೆ ಕಾಣದ ಬೆಳಿಗ್ಗೆ

ಹಾರುವುದನ್ನು ಕಲಿಸುವ ಸರ್ ವಿಮಾನದಲ್ಲಿ ನನ್ನ ಬಲಕ್ಕೆ ಕೂತಾಗ ಅವರ ಎರಡೂ ಅಂಗೈಗಳು ತೊಡೆಯ ಮೇಲೆ ಮೇಲ್ಮುಖವಾಗಿ ತೆರೆದುಕೊಂಡೇ ಇರುತ್ತಿದ್ದವು. ಎಡ ಅಂಗೈಯ ನಡುವೆ ನುಣ್ಣಗೆ ಹೊಳೆಯುವ ಒಂದು ಸುಟ್ಟ ಕಲೆ. ಚಿಕ್ಕಂದಿನಲ್ಲಿ ರೊಟ್ಟಿಯ ಹಂಚು ಮುಟ್ಟಿದ್ದರಂತೆ. ನೆಲಕ್ಕಿಳಿಸುವ ಹೊತ್ತಿನಲ್ಲಿ ನಾನು ಹೆದರಿ ಅತ್ತ ಕಣ್ಣು ಹಾಯಿಸಿದರೆ ಕಾಣುತ್ತಿದ್ದುದು ಆ ಕಲೆಯೇ. “ನಾ ಏನೂ ಹಿಡದಿಲ್ಲ ನೋಡವಾ. ನೀನೇ ಇಳಸಾಕತ್ತಿ,” ಅನ್ನುತ್ತಿದ್ದರು. ಬೇರೆ ಇನ್‌ಸ್ಟ್ರಕ್ಟರುಗಳು ಯಾರಿಗೂ ಗೊತ್ತಾಗದಂತೆ ಒಂದು ಬೆರಳನ್ನಾದರೂ ಕಂಟ್ರೋಲಿಗೆ ತಾಗಿಸಿಕೊಂಡು ಕೂರುತ್ತಿದ್ದರು. ಇವರಿಗೆ ಅದು ಸೇರುತ್ತಿರಲಿಲ್ಲ.

ನಾನು ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕಲಿಯಲು ಸೇರಿದ ಶಾಲೆಯಲ್ಲಿ ನಮ್ಮ ಕಡೆಯ ಮಾತಾಡುವವರು ಅವರೊಬ್ಬರೇ. ಆಳಂದದವರು. ಹರೆಯದಲ್ಲೇ ಲೈಸೆನ್ಸ್ ಪಡೆದು, ಕೆಲಸ ಸಿಗದೆ ವರ್ಷಗಟ್ಟಲೆ ಊರಿನಲ್ಲಿ ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿದವರು. ಚಹಾದಂಗಡಿಯಲ್ಲಿ ಕೂತವರು, “ಏನ್ರಿ ಪೈಲಟ್ ಸಾಹೇಬ್ರ, ಇವತ್ತ ವಿಮಾನ ಎಲ್ಲಿ ನಿಲ್ಲಿಸೀರಿ?” ಎಂದು ಕಾಡುತ್ತಿದ್ದರಂತೆ. “ನಿಮ್ಮ ಮಾಳಗಿ ಮ್ಯಾಲ ಅದ, ಹತ್ತಿ ನೋಡ್ರಿ,” ಎಂದು ಇವರೂ ನಗಿಸಿ ಬರುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಸಂಜೆಯವರೆಗೆ ಬಾಯಿ ಬಿಡುತ್ತಿರಲಿಲ್ಲ ಎಂದು ಅವರ ಹೆಂಡತಿ ನನಗೆ ಹೇಳಿದ್ದುಂಟು. ಕೊನೆಗೆ ಸಿಕ್ಕಿದ್ದು ಈ ಕಲಿಸುವ ಕೆಲಸ. ದೊಡ್ಡ ವಿಮಾನ ಹಾರಿಸುವ ಆಸೆ ಮಾತ್ರ ತಲೆಗೂದಲು ಬೆಳ್ಳಗಾದರೂ ಹೋಗಿರಲಿಲ್ಲ.

ಹೊಸಬರಿಗೆಲ್ಲ ಅವರು ಮೊದಲು ಹೇಳುತ್ತಿದ್ದುದು ಒಂದೇ ಮಾತು: “ಮೊದಲ ವಿಮಾನ ಹಾರಸು. ಅಳೂದು ಕೆಳಗ ಬಂದ ಮ್ಯಾಲ.” ನಾನಂತೂ ಕೆಳಗೆ ಬಂದ ಮೇಲೆ ಬೇಕಾದಷ್ಟು ಅತ್ತವಳು. ನ್ಯಾವಿಗೇಷನ್ ಪರೀಕ್ಷೆಯಲ್ಲಿ ಮತ್ತೆ ಫೇಲಾದ ದಿನ ಬ್ಯಾಗು ಹೆಗಲಿಗೇರಿಸಿ ಅಫಜಲಪುರದ ಬಸ್ಸಿಗೆ ಹೊರಟಿದ್ದೆ. ಗೇಟಿನಲ್ಲಿ ಸಿಕ್ಕರು.

“ಎಲ್ಲಿಗಿ ಸವಾರಿ?”

“ಊರಿಗ್ರಿ ಸರ್. ಸಾಕಾತ್ರಿ ನನಗ.”

“ಹೋಗು. ಉಂಡು ಹೋಗು. ನಮ್ಮಾಕಿ ಭಾಳ ಕಟ್ಟ್ಯಾಳ.”

ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಡಬ್ಬಿ ಸುತ್ತಿದ್ದ ಹಾಳೆಯ ಮೇಲೇ ಗಾಳಿಯ ಲೆಕ್ಕವೊಂದನ್ನು ಬರೆದು ಮುಂದೆ ತಳ್ಳಿದರು. ನನ್ನ ಉತ್ತರ ತಪ್ಪಾಯಿತು. ಇನ್ನೊಂದು ಬರೆದರು. ಬಸ್ಸು ಹೋಯಿತು. ನಾನು ಉಳಿದೆ.

ನಮ್ಮ ಹಳ್ಳಿ ಹವಳಗಾದ ಮಗ್ಗುಲಿನದು. ಸಕ್ಕರೆ ಫ್ಯಾಕ್ಟರಿಯ ಹೊಗೆ ನಮ್ಮ ಮಾಳಿಗೆಯಿಂದ ಕಾಣುತ್ತದೆ. ಒಗೆದ ಬಟ್ಟೆ ಒಣಹಾಕುವ ಮುಂಚೆ ಅವ್ವ ಆ ಹೊಗೆ ಯಾವ ಕಡೆ ಬಾಗಿದೆ ಎಂದು ನೋಡುತ್ತಾಳೆ. ಇಲ್ಲದಿದ್ದರೆ ಬೂದಿ ಬಿದ್ದು ಎಲ್ಲ ಕಪ್ಪು. ಚಳಿಗಾಲದಲ್ಲಿ ಸರ್ ಜೊತೆ ಮೊದಲ ಸಲ ಆ ದಾರಿಯಲ್ಲಿ ಹಾರಿದ್ದೆ. ಶಾಲೆಯಿಂದ ಜೇವರ್ಗಿ, ಅಲ್ಲಿಂದ ಭೀಮಾ ಹೊಳೆಯ ಹರಿವಿಗೆ ಎದುರಾಗಿ ಅಫಜಲಪುರ, ಮತ್ತೆ ವಾಪಸು. ದೂರದಲ್ಲಿ ಆ ಬಿಳಿ ಹೊಗೆ ಎದ್ದು ಕಂಡಾಗ ನನಗಿಂತ ಅವರಿಗೇ ಹೆಚ್ಚು ಖುಷಿ. “ನೋಡ ನಿಮ್ಮ ಹವಳಗಾ! ನಿನಗ ನಕಾಶಿ ಯಾಕ ಬೇಕು? ಹೊಗಿ ಹಿಡದು ಹೋದ್ರ ಮನಿ ಬಂತು,” ಅಂದರು. ನಮ್ಮ ಸೀಮೆಯ ಹುಡುಗಿ ನಮ್ಮ ಸೀಮೆಯ ಮೇಲೆ ಹಾರುತ್ತಿದ್ದಾಳೆ ಎಂಬ ಹಿಗ್ಗು ಅದು.

ಆಮೇಲೆ ವಿಮಾನದ ಬಿಡಿಭಾಗ ಬರಲಿಲ್ಲ. ಬಂದಾಗ ನನಗೆ ಜ್ವರ. ಅದೇ ದಾರಿಯಲ್ಲಿ ನಾನೊಬ್ಬಳೇ ಹಾರುವ ಸರದಿ ಬರುವಷ್ಟರಲ್ಲಿ ಬಿರುಬೇಸಿಗೆ. ಹೊರಡುವ ಮುಂಚೆ ದಾರಿ ಒಪ್ಪಿಸಬೇಕು. “ಹೊಗಿ ಕಂಡ ಕೂಡ್ಲೇ ಎಡಕ್ಕ ತಿರಗ್ತೇನ್ರಿ,” ಎಂದೆ. ಸರ್ ಹೂಂ ಎಂದು ತಲೆಯಾಡಿಸಿದರು. ಕಬ್ಬು ಅರೆಯುವುದು ಎಂದೋ ಮುಗಿದು ಫ್ಯಾಕ್ಟರಿ ನಿಂತಿದೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಜೇವರ್ಗಿ ದಾಟಿದೆ. ಹೊಗೆ ಇಲ್ಲ. ಇನ್ನಷ್ಟು ಮುಂದೆ ಹೋದರೆ ಕಂಡೀತು ಎಂದುಕೊಂಡೆ. ಕೆಳಗೆ ಎಲ್ಲ ಕಡೆಯೂ ಬಿತ್ತದ ಕರಿಹೊಲ, ಒಂದರಂತೆ ಇನ್ನೊಂದು. ಹೊಳೆ ಹಾವಿನಂತೆ ಸುತ್ತಿಕೊಂಡಿದೆ. ಘತ್ತರಗಿ ಯಾವುದು, ಗಾಣಗಾಪುರ ಯಾವುದು? ಹುಟ್ಟಿ ಬೆಳೆದ ಸೀಮೆಯಲ್ಲೇ ದಾರಿ ತಪ್ಪಿದ್ದೆ. ನಕಾಶೆ ಬಿಡಿಸಹೋದರೆ ಜಾರಿ ಕಾಲಡಿಗೆ ಬಿತ್ತು. ಸುತ್ತಿದ ಕಡೆಯೇ ಸುತ್ತುತ್ತ ರೇಡಿಯೋದಲ್ಲಿ ಏನು ಒದರಿದೆನೋ ನೆನಪಿಲ್ಲ. ಉತ್ತರ ಕೊಟ್ಟದ್ದು ಶಾಲೆಯ ರೇಡಿಯೋ ಮುಂದೆ ಕೂತಿದ್ದ ಸರ್. ರೇಡಿಯೋದಲ್ಲಿ ಎಂದೂ ಇಂಗ್ಲಿಷ್ ಬಿಡದವರು ಆವತ್ತು ಬಿಟ್ಟರು.

“ಮೊದಲ ಹಾರಸವಾ. ರೆಕ್ಕಿ ಸಪಾಟ ಅದಾವೇನು?”

“ಅದಾವ್ರಿ.”

“ಹೊಳಿಗಿ ಇನ್ನೊಂದು ಹೊಳಿ ಬಂದು ಕೂಡೂದು ಕಾಣ್ತದೇನು? ಸಾವಕಾಶ ನೋಡು.”

ಕಂಡಿತು. ಸಂಗಮ. ಕೆಳಗೆ ಸ್ನಾನದ ಮೆಟ್ಟಿಲು, ಇರುವೆಯಂಥ ಮಂದಿ.

“ಹಂಗಾದ್ರ ನೀ ಗಾಣಗಾಪುರದ ಮ್ಯಾಲ ಇದ್ದಿ. ಸೂರ್ಯನ್ನ ಮುಂದ ಇಟಗೊಂಡು ಬಾ. ನಾ ಇಲ್ಲೇ ಇದ್ದೇನಿ.”

ಇಳಿದು ಬಾಗಿಲು ತೆಗೆದಾಗ ಅವರು ರೆಕ್ಕೆಯ ಕೆಳಗೆ ನಿಂತಿದ್ದರು. “ಇನ್ನ ಅಳು,” ಅಂದರು. ಅಂಗಿಯ ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು, ಅವರದೂ.

ಶಾಲೆಯ ಮುಖ್ಯಸ್ಥರು ಹೊರನಾಡಿನವರು, ಶಿಸ್ತಿನ ಮನುಷ್ಯ. ನನ್ನನ್ನು ಕೈಬಿಡುವುದೇ ಸರಿ ಎಂದು ಅವರ ಅಭಿಪ್ರಾಯ. ನನ್ನೆದುರಿಗೇ ಸರ್ ಹೇಳಿದರು: ಹೊಗೆ ನೋಡಿ ಹೋಗು ಎಂದು ಕಲಿಸಿದವನು ನಾನು, ಒಪ್ಪಿಗೆ ಕೊಟ್ಟವನೂ ನಾನು, ಹುಡುಗಿ ಕಲಿಸಿದಂತೆ ಮಾಡಿದ್ದಾಳೆ. ಆಗಷ್ಟೇ ಸಣ್ಣದೊಂದು ವಿಮಾನ ಕಂಪನಿ ಅವರನ್ನು ಬಹುಮಟ್ಟಿಗೆ ಆರಿಸಿತ್ತು. ಶಾಲೆಯನ್ನು ಒಂದು ಮಾತು ಕೇಳುವುದಷ್ಟೇ ಬಾಕಿ. ಮುಖ್ಯಸ್ಥರು ಅದನ್ನೂ ನೆನಪಿಸಿದರು. ಸರ್ ಕಿಟಕಿಯಾಚೆ ನೋಡಿದರು. “ಇದ್ದದ್ದು ಇದ್ದಂಗ ಹೇಳೀನ್ರಿ,” ಅಂದರು.

ನಾನು ಉಳಿದೆ. ಕಂಪನಿಯಿಂದ ಅವರಿಗೆ ಕರೆ ಬರಲಿಲ್ಲ.

ಅವರೇನು ದೇವರಲ್ಲ. ಕೆಲವು ದಿನ ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಒಮ್ಮೆ ಕ್ಲಾಸಿನ ಬಾಗಿಲಲ್ಲೇ ನಿಲ್ಲಿಸಿ, “ನಿನ್ನ ಮಾರಿ ನೋಡಿದ್ರ ಇವತ್ತ ಸಿಟ್ಟು ಬರಾಕತ್ತದ. ನಾಳಿ ಬಾ,” ಅಂದುಬಿಟ್ಟರು. ಅಲ್ಲಿಂದಲೇ ಹಿಂದಿರುಗಿದೆ. ಮರುದಿನ ಹೋದೆ. ಏನೂ ಆಗದವರ ಹಾಗೆ ಪಾಠ ಮಾಡಿದರು, ಎಂದಿಗಿಂತ ಚೆನ್ನಾಗಿಯೇ. ಆ ಸಿಟ್ಟನ್ನು ಅವರು ಬಚ್ಚಿಟ್ಟಿದ್ದರೆ ನಾನು ಅಲ್ಲಿ ಉಳಿಯುತ್ತಿರಲಿಲ್ಲವೇನೋ.

ಶ್ರಾವಣದಲ್ಲಿ ರಜೆಗೆಂದು ಆಳಂದಕ್ಕೆ ಹೋದವರು ಬೆಳಿಗ್ಗೆ ಸ್ನಾನ ಮಾಡಿ ಬಂದು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಹೋದಾಗ ಅಂಗಳದಲ್ಲಿ ಬುದ್ಧವಂದನೆ ನಡೆದಿತ್ತು. ಯಾರೋ ನನ್ನನ್ನು ತೋರಿಸಿ ಕೇಳಿದರು. “ನಮ್ಮ ತಮ್ಮ ತಯಾರು ಮಾಡಿದ ಪೈಲಟ್ರಿ ಇಕಿ,” ಎಂದರು ಅವರಣ್ಣ. ನಾನಿನ್ನೂ ಪೈಲಟ್ ಆಗಿರಲಿಲ್ಲ, ಕೊನೆಯ ಹಾರಾಟದ ಪರೀಕ್ಷೆ ಬಾಕಿಯಿತ್ತು. ಕೈ ಮುಗಿದು ವಂದನೆಗೆ ಕೂತೆ.

ಆ ಪರೀಕ್ಷೆ ಬೇರೊಬ್ಬರ ಪಕ್ಕ ಕೂತು ಪಾಸಾದೆ. ಲೈಸೆನ್ಸ್ ಬಂತು. ಕೆಲಸಕ್ಕೆ ಅಲೆದಾಟ ಶುರುವಾಯಿತು. ಬಹಳ ಕಾಲದ ಮೇಲೆ ಒಂದು ಕಡೆ ಸಂದರ್ಶನದ ಕೊನೆಯವರೆಗೂ ಮುಟ್ಟಿದೆ. ತರಬೇತಿಯಲ್ಲಿ ದಾರಿ ತಪ್ಪಿದ್ದನ್ನು ಕೇಳಿದರು, ಹೇಳಿದೆ. ಎದುರು ಕೂತ ಹಿರಿಯರು ಮೃದುವಾಗಿಯೇ ಕೇಳಿದರು: “ಅಂದರೆ ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಇನ್‌ಸ್ಟ್ರಕ್ಟರ್ ಬೇಜವಾಬ್ದಾರಿಯವರು, ಅಲ್ಲವೇ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಸತ್ತವರಿಗೆ ಆಗುವುದೇನಿತ್ತು? “ಅಲ್ಲ ಸರ್,” ಎಂದೆ. “ಅಂಥ ಜವಾಬ್ದಾರಿಯ ಮನುಷ್ಯರನ್ನು ನಾನು ನೋಡಿಲ್ಲ.” ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ದನಿ ಏರಿತು. ಅವರು ಪೆನ್ನು ಕೆಳಗಿಟ್ಟು, ನೀವಿನ್ನು ಹೋಗಬಹುದು ಎಂದರು.

ಕೆಲಸ ಸಿಗಲಿಲ್ಲ. ಆಳಂದಕ್ಕೆ ಫೋನು ಮಾಡಿ ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ.

“ಇದ್ದಿದ್ರ ನಿನಗ ಎಷ್ಟ ಬೈತಿದ್ರವಾ ಅವರು,” ಎಂದರು.

“ಹೌದ್ರಿ ಅಕ್ಕಾ,” ಎಂದೆ. ಆ ಬೈಗುಳ ಕೇಳಲು ನನಗೆ ಎಷ್ಟು ಆಸೆಯಾಯಿತೆಂದು ಅವರಿಗೆ ಹೇಳಲಾಗಲಿಲ್ಲ.