ಬೆನ್ನಿಗೆ ಅಂಟಿಸಿದ ಚೀಟಿ

ರಟ್ಟಣ್ಣನ ಮನೆತನದಲ್ಲಿ ಒಂದು ಕಾನೂನಿತ್ತು: ಜಗಳವಾದ ಮೇಲೆ ಮೊದಲು ಬಾಯಿ ತೆರೆದವನು ಸೋತ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಯಾರಿಗೂ ಕಲಿಸಿರಲಿಲ್ಲ. ಆದರೂ ತಲೆಮಾರಿನಿಂದ ತಲೆಮಾರಿಗೆ ಅದು ಚಾಚೂ ತಪ್ಪದೆ ನಡೆದುಬಂದಿತ್ತು. ತಾತ ಒಂದು ಏಣಿಯ ವಿಷಯಕ್ಕೆ ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಒಂಬತ್ತು ವರ್ಷ ಆ ಗೋಡೆಯ ಆಚೆ ಈಚೆ ಒಬ್ಬರ ಕೆಮ್ಮನ್ನು ಒಬ್ಬರು ಕೇಳಿಸಿಕೊಂಡು ಬದುಕಿದರು. ಹತ್ತನೆಯ ವರ್ಷ ಆ ಕಡೆಯ ಕೆಮ್ಮು ನಿಂತಿತು; ತಮ್ಮ ಮನೆ ಖಾಲಿ ಮಾಡಿ ಎಲ್ಲಿಗೋ ಹೋಗಿದ್ದ. ಎಲ್ಲಿಗೆ ಎಂದು ಯಾರನ್ನಾದರೂ ಕೇಳಲು ತಾತನಿಗೆ ಬಾಯಿ ಬರಲಿಲ್ಲ.

ಅಪ್ಪನ ಸರದಿ ಬಂದಾಗ ಅವನು ಅಮ್ಮನ ಜೊತೆ ಮಾತು ಬಿಟ್ಟ. ಕಾರಣವೇನೆಂದು ರಟ್ಟಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಆಗ ಅವನಿಗೆ ಏಳು ವರ್ಷ. ಕೆಳಗೆ ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿ, ಮೇಲೆ ಮನೆ. ಅಪ್ಪ ಕತ್ತರಿಸಿ ಮಿಕ್ಕ ಕಾಗದದ ಪಟ್ಟಿಯೊಂದರ ಮೇಲೆ ಸೀಸದಕಡ್ಡಿಯಿಂದ ಏನಾದರೂ ಬರೆದು “ಒಯ್ಯಿ” ಎನ್ನುತ್ತಿದ್ದ. ಮಗ ಮೆಟ್ಟಿಲು ಹತ್ತಿ ಅಡುಗೆಮನೆಗೆ ಒಯ್ಯುತ್ತಿದ್ದ. ‘ಊಟ ಬೇಗ.’ ‘ಅಂಗಿಗೆ ಗುಂಡಿ.’ ‘ಉಪ್ಪು ಹೆಚ್ಚು.’ ಅಮ್ಮ ಅದೇ ಚೀಟಿಯ ಹಿಂದೆ ಉತ್ತರ ಬರೆಯುತ್ತಿದ್ದಳು. ‘ಆಗಲಿ.’ ‘ನಾಳೆ.’ ‘ಹೆಚ್ಚಿಲ್ಲ.’ ಹೀಗೆ ಆರು ವರ್ಷ. ಆ ಮೌನ ಮುರಿದದ್ದು ಅಮ್ಮ ತೀರಿಕೊಂಡ ದಿನ. ಅವತ್ತು ಅಪ್ಪ ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಬೆಳಗಿನಿಂದ ಸಂಜೆಯ ತನಕ ಮಾತಾಡಿದ. ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ. ಹದಿಮೂರರ ಮಗ ಗೋಡೆಗೆ ಒರಗಿ ನಿಂತು ಮನಸ್ಸಿನಲ್ಲೇ ಶಪಥ ಮಾಡಿದ: ನಾನು ಹೀಗೆ ಆಗುವುದಿಲ್ಲ.

ಶಪಥವನ್ನು ಅವನು ಬಹಳ ಕಾಲ ಉಳಿಸಿಕೊಂಡ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಡತಿಯದು. ಅವಳು ಗಲಗಲ ಎನ್ನುವ ಮನೆಯಿಂದ ಬಂದವಳು. ಗಂಡ ಮುಖ ಊದಿಸಿಕೊಂಡರೆ, “ನೀವು ಮಾತು ಬಿಟ್ರೆ ಬಿಡಿ. ನಿಮ್ಮ ಪಾಲಿಂದೂ ಸೇರಿಸಿ ನಾನೇ ಆಡ್ತೀನಿ” ಎಂದು ಎರಡೂ ಕಡೆಯ ಮಾತನ್ನು ತಾನೇ ಆಡುತ್ತಿದ್ದಳು. ಎಷ್ಟು ಹೊತ್ತು ತಾನೇ ಬಿಗಿದುಕೊಂಡಿರುವುದು?

ಒಬ್ಬಳೇ ಮಗಳು. ಹುಟ್ಟುವಾಗಲೇ ಸಣಕಲು, ಅಪ್ಪ ಅವಳನ್ನು ‘ಕಡ್ಡಿ’ ಎಂದು ಕರೆದ, ಆ ಹೆಸರೇ ನಿಂತಿತು. ಮಾತೂ ಕಡ್ಡಿ ಮುರಿದಂತೆಯೇ. ಓದು ಮುಗಿಸಿ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕುಳಿತು ಕಸುಬು ಕಲಿತಳು. ನಾಲ್ಕು ವರ್ಷದಲ್ಲಿ ಅವಳ ಹೊಲಿಗೆ ಅಪ್ಪನದಕ್ಕಿಂತ ನೇರವಾಯಿತು. ರಟ್ಟಣ್ಣನಿಗೆ ಅದು ಹೆಮ್ಮೆಯ ವಿಷಯ. ಆದರೆ ಹೆಮ್ಮೆಯ ಒಳಗೊಂದು ಮುಳ್ಳೂ ಇತ್ತು. ಅವನ ಕಣ್ಣು ಮಂಜಾಗುತ್ತಾ ಬಂದಿತ್ತು.

ಹದಿನಾಲ್ಕು ತಿಂಗಳ ಹಿಂದೆ ಒಬ್ಬ ಮೇಷ್ಟರು ತಮ್ಮ ದಪ್ಪ ಪುಸ್ತಕವನ್ನು ಒಯ್ಯಲು ಬಂದಿದ್ದರು. ಮಗಳು ಕೊಡುವ ಮೊದಲು ಹಾಳೆ ತಿರುಗಿಸಿ ನೋಡಿದಳು. ನಡುವೆ ಹದಿನಾರು ಪುಟದ ಒಂದು ಕಂತೆಯನ್ನು ಅಪ್ಪ ತಲೆಕೆಳಗಾಗಿ ಹೊಲಿದಿದ್ದ.

“ಅಪ್ಪಾ, ಇದನ್ನ ಓದೋಕೆ ಮೇಷ್ಟ್ರು ಬಾವಲಿ ಥರ ನೇತಾಡ್ಬೇಕು” ಎಂದಳು.

ಮೇಷ್ಟರು ನಕ್ಕರು. ಮಗಳೂ ನಕ್ಕಳು. ರಟ್ಟಣ್ಣ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟು ಮೆಟ್ಟಿಲು ಹತ್ತಿ ಹೋದ. ಮರುದಿನ ಬೆಳಿಗ್ಗೆ ಮಗಳು “ಅಪ್ಪಾ, ಅಂಟು ಕಾಯಿಸ್ಲಾ?” ಎಂದು ಕೇಳಿದಾಗ ಅವನ ಕೈ ತಾನೇ ತಾನಾಗಿ ಒಂದು ಕಾಗದದ ಪಟ್ಟಿಯನ್ನು ಎಳೆದುಕೊಂಡು ‘ಕಾಯಿಸು’ ಎಂದು ಬರೆಯಿತು. ಬರೆದ ಮೇಲೆ ಅವನೇ ಅದನ್ನು ದಿಟ್ಟಿಸಿ ನೋಡಿದ. ಬಲಕ್ಕೆ ವಾಲಿದ ಅಕ್ಷರ, ಅಪ್ಪನದೇ.

ಒಂದು ತಿಂಗಳು ಮಗಳು ಮಾತಾಡಿಯೇ ನೋಡಿದಳು. ಕ್ಷಮೆ ಕೇಳಿದಳು, ರೇಗಿಸಿದಳು, ಅತ್ತಳು. ಆಮೇಲೆ ಅವಳೂ ಕಾಗದದ ಪಟ್ಟಿ ಎಳೆದುಕೊಂಡಳು. ಅವಳ ರಕ್ತವೂ ಅದೇ ತಾನೆ? ಅಲ್ಲಿಂದಾಚೆಗೆ ಒಂದೇ ಮೇಜಿನಲ್ಲಿ, ಮೊಣಕೈ ತಗಲುವಷ್ಟು ಹತ್ತಿರದಲ್ಲಿ, ಇಬ್ಬರೂ ಚೀಟಿಯಲ್ಲಿ ಬದುಕಿದರು.

“ನಾನೇನು ನಿಮ್ಮಿಬ್ಬರ ಮಧ್ಯೆ ಅಂಚೆಪೆಟ್ಟಿಗೆನಾ?” ಎಂದು ಹೆಂಡತಿ ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದಳು. “ಕೇಳಿಸ್ಕೊಳ್ಳಿ, ಕೊನೇ ಕಾಗದ. ಅವಳಿಗೆ ಬೇರೆ ಊರಿನ ಗ್ರಂಥಾಲಯದಲ್ಲಿ ಹಳೇ ಪುಸ್ತಕ ದುರಸ್ತಿ ಮಾಡೋ ಕೆಲಸ ಸಿಕ್ಕಿದೆ. ಸೋಮವಾರ ಬೆಳಿಗ್ಗೆ ಬಸ್ಸು. ಇನ್ನು ಐದು ದಿನ ಇದೆ. ಆಮೇಲೆ ನೀವುಂಟು, ನಿಮ್ಮ ಚೀಟಿಯುಂಟು.”

ರಟ್ಟಣ್ಣ ತಟ್ಟೆಯಿಂದ ಕಣ್ಣೆತ್ತಲಿಲ್ಲ. 

ಮಗಳ ದನಿಗಾಗಿ ಅವನು ಎಷ್ಟು ಹಂಬಲಿಸುತ್ತಿದ್ದನೆಂದು ಯಾರಿಗೂ ತಿಳಿದಿರಲಿಲ್ಲ. ಅವಳು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ಮೆಟ್ಟಿಲ ತಿರುವಿನಲ್ಲಿ ಬೇಕೆಂದೇ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಿದ್ದ. ಭಾನುವಾರ ಕ್ರೈಸ್ತ ದೇವಾಲಯದಲ್ಲಿ ನಲವತ್ತು ಜನ ಹಾಡುವಾಗ, ಎರಡು ಸಾಲು ಮುಂದೆ ನಿಂತ ಅವಳ ದನಿಯೊಂದನ್ನೇ ಅವನ ಕಿವಿ ಹೆಕ್ಕಿಕೊಳ್ಳುತ್ತಿತ್ತು. ಹಾಡು ಮುಗಿದು ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಬರುತ್ತಿತ್ತು. ಅಲ್ಲಿ ಅವನ ತುಟಿ ನಿಲ್ಲುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದ.

ಗುರುವಾರ ಪಾದ್ರಿಗಳು ಅಂಗಡಿಗೆ ಬಂದರು. ಕಂಕುಳಲ್ಲಿ ದೇವಾಲಯದ ದೊಡ್ಡ ಹಾಡಿನ ಪುಸ್ತಕ. ರಟ್ಟು ಕಳಚಿ ನೇತಾಡುತ್ತಿತ್ತು. ಮಗಳು ರಟ್ಟು ತರಲು ಹೋಗಿದ್ದಳು.

“ನಿಮ್ಮಪ್ಪ ಕಟ್ಟಿದ್ದು ಇದು. ಬಲವಾಗೇ ಕಟ್ಟಿದ್ರು. ನಾನೇ ಕೈ ಜಾರಿಸಿ ಬೀಳಿಸಿದೆ” ಎಂದರು ಪಾದ್ರಿಗಳು. “ಭಾನುವಾರಕ್ಕೆ ಬೇಕು.” ಆಮೇಲೆ ಮಗಳ ಸ್ಟೂಲಿನಲ್ಲೇ ಕುಳಿತುಕೊಂಡರು. “ರಟ್ಟಣ್ಣ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರಾರ್ಥನೆ ಹೇಳುವಾಗ ನಾನು ಎದುರಿಗೇ ನಿಂತಿರ್ತೀನಲ್ಲ. ಒಂದು ವರ್ಷದಿಂದ ನೀವು ಒಂದು ಸಾಲು ಹಾರಿಸ್ತಿದ್ದೀರಿ.”

“ದೇವರ ಎದುರು ಸುಳ್ಳು ಹೇಳಬಾರದಲ್ಲ, ಅಯ್ಯನವರೇ.”

“ಸರಿ. ಕದ್ದರೂ ನಿಯತ್ತಿನ ಕಳ್ಳ.”

ರಟ್ಟಣ್ಣನಿಗೆ ನಗು ಬರಲಿಲ್ಲ. ತಾತನ ಗೋಡೆಯನ್ನೂ ಅಪ್ಪನ ಚೀಟಿಯನ್ನೂ ಮನೆಯ ಕಾನೂನನ್ನೂ ಹೇಳಿದ. “ನನಗೆ ಕೋಪ ಹೋಗಿ ಯಾವ ಕಾಲವಾಯ್ತು. ಆದರೂ ಬಾಯಿ ಬರಲ್ಲ. ಬೇವು ಬಿತ್ತಿದ ಮನೆ ನಮ್ಮದು. ಮಾವು ಎಲ್ಲಿಂದ ತರಲಿ?”

ಪಾದ್ರಿಗಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. “ಆ ಪ್ರಾರ್ಥನೆ ಶುರುವಾಗೋದೇ ‘ತಂದೆ’ ಅಂತ. ಆ ಮಾತನ್ನ ಹಾರಿಸ್ತಿಲ್ಲ ತಾನೆ ನೀವು? ಆ ತಂದೆ ಮನೆ ಕಾನೂನೇ ಬೇರೆ, ರಟ್ಟಣ್ಣ. ಅಲ್ಲಿ ಮೊದಲು ಮಾತಾಡೋನು ಅವನೇ. ಬೈಬಲಿನ ಮೊದಲ ಕಥೆ ನೋಡಿ, ತೋಟದಲ್ಲಿ ತಪ್ಪು ಮಾಡಿ ಬಚ್ಚಿಟ್ಟುಕೊಂಡೋನು ಮನುಷ್ಯ. ಎಲ್ಲಿದ್ದೀಯ ಅಂತ ಹುಡುಕ್ಕೊಂಡು ಬಂದೋನು ದೇವರು. ಮೊದಲು ಬಾಯಿ ತೆರೆದವನು ಸೋತ ಅನ್ನೋದಾದ್ರೆ ನಮ್ಮ ದೇವರಷ್ಟು ಸೋತವರು ಯಾರೂ ಇಲ್ಲ. ಶಿಲುಬೆವರೆಗೂ ಸೋತ. ನೀವು ಅವನ ಮಗ ಕೂಡ ಹೌದು. ಅದನ್ನೂ ಸ್ವಲ್ಪ ನೆನೆಸ್ಕೊಳ್ಳಿ.”

ಶುಕ್ರವಾರ ಸಂಜೆ ಅಂಗಡಿಯ ಬಾಗಿಲು ಎಳೆದು ರಟ್ಟಣ್ಣ ಪ್ರಾರ್ಥಿಸಿದ. ಉದ್ದದ ಪ್ರಾರ್ಥನೆಯಲ್ಲ, ಬಾಯಿ ಕೊಡು ಎಂದಷ್ಟೇ. ಮೆಟ್ಟಿಲು ಹತ್ತಿ ಮಗಳ ಕೋಣೆಯ ಮುಂದೆ ನಿಂತ. ಒಳಗೆ ಪೆಟ್ಟಿಗೆಗೆ ಬಟ್ಟೆ ತುಂಬುವ ಸದ್ದು. ಬಾಯಿ ತೆರೆದ. ಗಂಟಲು ಯಾರೋ ಹಿಸುಕಿದಂತೆ ಮುಚ್ಚಿಕೊಂಡಿತು. ಎಷ್ಟೋ ಹೊತ್ತಾದ ಮೇಲೆ ಜೇಬಿನಿಂದ ಚೀಟಿ ತೆಗೆದು ‘ಪೆಟ್ಟಿಗೆಗೆ ಹಗ್ಗ ಬೇಕೇ?’ ಎಂದು ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ. ಚೀಟಿ ತಿರುಗಿ ಬಂತು. ಹಿಂಬದಿಯಲ್ಲಿ ‘ಬೇಡ.’

ಶನಿವಾರ ಇಬ್ಬರೂ ಹಾಡಿನ ಪುಸ್ತಕಕ್ಕೆ ಕೈ ಹಾಕಿದರು. ಹೊಲಿಗೆಯ ಮೇಲೆ, ಪುಸ್ತಕದ ಬೆನ್ನು ಗಟ್ಟಿಯಾಗಲೆಂದು, ಕಾಗದದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸುವುದು ಈ ಕಸುಬಿನ ಪದ್ಧತಿ. ರಟ್ಟಿನೊಳಗೆ ಮರೆಯಾಗುವ ಜಾಗ. ಆದ್ದರಿಂದ ಅದಕ್ಕೆ ರದ್ದಿ ಕಾಗದವೇ ಸಾಕು. ಮಗಳು ಬೆನ್ನಿಗೆ ತೆಳು ಅಂಟು ಬಳಿದು ಒದ್ದೆ ಬಟ್ಟೆ ಸುತ್ತಿಟ್ಟಳು. ಅರ್ಧ ಗಂಟೆಗೆ ಹಳೆಯ ಅಂಟು ಮೆತ್ತಗಾಯಿತು. ಅವಳು ಪುಸ್ತಕ ಹಿಡಿದುಕೊಂಡಳು, ರಟ್ಟಣ್ಣ ಮೊಂಡು ಚಾಕುವಿನಿಂದ ಪದರಗಳನ್ನು ಬಿಡಿಸತೊಡಗಿದ.

ಮೊದಲ ಪಟ್ಟಿಯ ಮೇಲೆ ಬರಹವಿತ್ತು. ಸೀಸದಕಡ್ಡಿಯ ಬರಹ ನೀರಿಗೆ ಹೋಗುವುದಿಲ್ಲ. ‘ಅಂಗಿಗೆ ಗುಂಡಿ.’ ಹಿಂದೆ, ‘ನಾಳೆ.’

ರಟ್ಟಣ್ಣನ ಕೈ ನಿಂತಿತು. ಅಪ್ಪ ಏನನ್ನೂ ಬಿಸಾಡುತ್ತಿರಲಿಲ್ಲ. ಬಂದ ಚೀಟಿಗಳನ್ನೂ ಕೆಲಸಕ್ಕೆ ಬಳಸಿದ್ದ. ಒಂದೊಂದಾಗಿ ಎದ್ದು ಬಂದವು: ಉಪ್ಪು, ಸೀಮೆಎಣ್ಣೆ, ಹುಡುಗನ ಜ್ವರ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ, ಹೊಲಿಗೆಯ ದಾರಕ್ಕೇ ಅಂಟಿಕೊಂಡಿದ್ದ ಕೊನೆಯ ಪಟ್ಟಿ ಮಾತ್ರ ಉದ್ದವಾಗಿತ್ತು. ಅದರಲ್ಲಿ ಬಲಕ್ಕೆ ವಾಲಿದ ಅಕ್ಷರದಲ್ಲಿ ಹೀಗಿತ್ತು: ‘ನನಗೆ ಮೊದಲು ಮಾತಾಡಲು ಬರುವುದಿಲ್ಲ. ನೀನಾದರೂ ಒಮ್ಮೆ ಕರೆ.’

ಹಿಂಬದಿ ಖಾಲಿ.

ರಟ್ಟಣ್ಣ ಅದನ್ನು ಎರಡು ಸಲ ಓದಿದ. ಆರು ವರ್ಷ ಅವನು ಒಯ್ದ ಚೀಟಿಗಳಲ್ಲಿ ಇದು ಇರಲಿಲ್ಲ. ಇದ್ದಿದ್ದರೆ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಒಯ್ಯುತ್ತಿದ್ದ. ಅಪ್ಪ ಬರೆದ, ಕೊಡಲಿಲ್ಲ. ದೇವರ ಹಾಡಿನ ಬೆನ್ನಿಗೆ ಅಂಟಿಸಿ ಅದರ ಮೇಲೆ ಉಪ್ಪಿನ ಲೆಕ್ಕ ಅಂಟಿಸಿಬಿಟ್ಟ. ಕಲ್ಲೆಂದು ತಾನು ತಿಳಿದಿದ್ದ ಆ ಮನುಷ್ಯ ಒಳಗೊಳಗೇ ಹೀಗೆ ಕಾಯುತ್ತಿದ್ದನೆ? ತನ್ನ ಹಾಗೆಯೇ?

‘ತಂದೆಯೇ’ ಎಂದು ಅವನ ಮನಸ್ಸು ಕೂಗಿಕೊಂಡಿತು. ಯಾವ ತಂದೆಯನ್ನು ಕರೆದದ್ದೆಂದು ಅವನಿಗೇ ತಿಳಿಯಲಿಲ್ಲ.

“ಕಡ್ಡಿ” ಎಂದ. ದನಿ ತುಕ್ಕು ಹಿಡಿದ ಕೀಲಿನಂತೆ ಹೊರಟಿತು.

ಮಗಳು ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅವತ್ತು ಆ ಕಂತೆ ತಲೆಕೆಳಗಾಗಿ ಹೊಲಿದದ್ದು ನಾನೇ. ನೀನು ಹೇಳಿದ್ದು ಸರಿ. ಅದು ಸಣ್ಣದು, ಬಿಡು. ಹದಿನಾಲ್ಕು ತಿಂಗಳು ನಿನ್ನನ್ನ ಕರೀಲಿಲ್ಲ ನೋಡು, ಅದು ದೊಡ್ಡದು. ತಪ್ಪಾಯ್ತು ಮಗಳೇ. ಕ್ಷಮಿಸು.”

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಒಂದು ತಿಂಗಳು ನಾನೊಬ್ಬಳೇ ಮಾತಾಡಿದೆ, ಅಪ್ಪ” ಎಂದಳು ಮಗಳು. “ಗೋಡೆಗೆ ಹೇಳಿದ್ರೂ ದನಿ ತಿರುಗಿ ಬರುತ್ತೆ.”

“ಹೌದು.”

“ನಾಡಿದ್ದು ಹೊರಡೋಳನ್ನ ಈಗ ಕರೀತೀಯ.”

“ಹೌದು. ಹೋಗ್ಬೇಡ ಅನ್ನೋಕೆ ಕರೀಲಿಲ್ಲ. ಹೋಗು. ಸುಮ್ಮನೆ ಕರೀಬೇಕು ಅನ್ನಿಸ್ತು. ದಿನಾ ಅನ್ನಿಸ್ತಿತ್ತು.”

ಅವಳು ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಗೆ ಅಂಟು ಮೆತ್ತಿಕೊಂಡಿತು. “ನಂಗೂ ಚೀಟಿ ಅಭ್ಯಾಸ ಆಗ್ಬಿಟ್ಟಿತ್ತು” ಎಂದಳು. “ಅದೇ ಭಯ ಆಗಿದ್ದು. ಅದಕ್ಕೇ ಹೊರಟೆ.”

ಮೆಟ್ಟಿಲ ಮೇಲಿನಿಂದ ಹೆಂಡತಿ ಬಗ್ಗಿ ನೋಡಿದಳು. “ಯಾರು ಬಂದಿರೋದು? ಮಾತು ಕೇಳಿಸ್ತು.”

“ಯಾರೂ ಬಂದಿಲ್ಲಮ್ಮ” ಎಂದಳು ಮಗಳು. “ನಾವೇ.”

ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳಿಗೆ ಮಾತು ತೋಚದೆ ಹೋದದ್ದು ಅವತ್ತೊಂದೇ ದಿನ.

ಹೊಸ ಬೆನ್ನಿಗೆ ಅವರು ಬಿಳಿಯ ಕಾಗದ ಹಾಕಿದರು. ಭಾನುವಾರ ಪಾದ್ರಿಗಳು ಆ ಪುಸ್ತಕವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಹಾಡಿಸಿದರು. ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ರಟ್ಟಣ್ಣ ಹೇಳಿದ, ಎಲ್ಲರಿಗಿಂತ ಒಂದು ಮಾತು ಹಿಂದೆ ಉಳಿದು, ಆದರೂ ಪೂರ್ತಿಯಾಗಿ.

ಸೋಮವಾರ ಬಸ್ಸು ಹೊರಡುವ ಮುಂಚೆ ರಟ್ಟಣ್ಣ ತನ್ನ ಅಪ್ಪನ ಆ ಉದ್ದ ಚೀಟಿಯನ್ನು ಮಗಳ ಕೈಗಿಟ್ಟ. “ನಿನ್ನ ಹತ್ರ ಇರಲಿ. ಯಾವತ್ತಾದ್ರೂ ನಿನಗೂ ಗಂಟಲು ಕಟ್ಟಬಹುದು. ಆಗ ತೆಗೆದು ನೋಡು.”

ಅಂಗಡಿಗೆ ಮರಳಿದಾಗ ಪಕ್ಕದ ಸ್ಟೂಲು ಖಾಲಿ. ಮೇಣದ ಉಂಡೆಯಲ್ಲಿ ಅವಳ ಸೂಜಿ ಹಾಗೇ ನಿಂತಿತ್ತು. ಹದಿನಾಲ್ಕು ತಿಂಗಳು ಆ ಸ್ಟೂಲಿನ ಮೇಲೆ ಅವಳು ಇದ್ದಳಲ್ಲ, ಒಂದು ಮಾತಿನ ದೂರದಲ್ಲಿ! ಇಡೀ ದಿನ ರಟ್ಟಣ್ಣ ಅದನ್ನೇ ನೆನೆಯುತ್ತಾ ಕೆಲಸ ಮಾಡಿದ. ಸಂಜೆ ಫೋನು ಕೈಗೆತ್ತಿಕೊಂಡ. ಅವಳು ಇಷ್ಟು ಹೊತ್ತಿಗೆ ತಲುಪಿರಬೇಕು. ತಲುಪಿದವಳು ತಾನೇ ಮಾಡಬಾರದೆ ಎಂದು ಒಳಗಿನಿಂದ ಹಳೆಯ ದನಿಯೊಂದು ಹೇಳಿತು.  ತಾತನೂ ಅಪ್ಪನೂ ಪಕ್ಕದಲ್ಲೇ ನಿಂತಿರುವಂತಿತ್ತು.

ಅವನು ಕಣ್ಣು ಮುಚ್ಚಿ, ಪ್ರಾರ್ಥನೆಯ ಆ ಮೊದಲ ಮಾತನ್ನು ಹೇಳಿಕೊಂಡು, ಗುಂಡಿ ಒತ್ತಿದ.

“ಕಡ್ಡಿ, ನಾನು. ತಲುಪಿದ್ಯಾ?”