ಮೇಣ ತುಂಬಿದ ಬಾಗಿಲು

ಅಣ್ಣ ಬೆರಳ ಗೆಣ್ಣಿನಿಂದ ಮೋಟಾರಿನ ಬಾಗಿಲನ್ನು ತಟ್ಟುತ್ತ ಬಂದು ಒಂದು ಕಡೆ ನಿಂತ. ಅಲ್ಲೇ ಮತ್ತೊಮ್ಮೆ ತಟ್ಟಿದ. ಸದ್ದು ಅಲ್ಲಿ ಮಾತ್ರ ಮಂದವಾಗಿತ್ತು. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಿದ್ದ ಜಾಗ ಅದು. ಬೇಗ ಮುಗಿಯಲೆಂದು ನಾನು ತೂತಿಗೆ ಮೇಣ ತುಂಬಿ ಬಣ್ಣ ಬಳಿದಿದ್ದೆ. ಕಣ್ಣು ಹೋದಮೇಲೂ ಅಣ್ಣ ಮುಟ್ಟಿ ಮುಟ್ಟಿಯೇ ಕೆಲಸ ಮಾಡುತ್ತಿದ್ದ. ಆ ಬಾಗಿಲನ್ನು ಮಾತ್ರ ನನಗೆ ಬಿಟ್ಟಿದ್ದ.

ಗಾಡಿಯ ಒಡೆಯರಾದ ಧಾರವಾಡದ ವಕೀಲರು ಹುಬ್ಬಳ್ಳಿಯ ನಮ್ಮ ಅಂಗಡಿಯ ಮುಂದೆ ಅವಸರದಲ್ಲಿ ನಿಂತಿದ್ದರು. “ಬಣ್ಣ ಛಲೋ ಬಂದೈತಿ ಬಿಡೋ ಹಸನಸಾಬ. ಕಣ್ಣು ಕಾಣದಾಂವ ಏನ್ ನೋಡ್ತಿ?”

“ಕಾಣಂಗಿಲ್ಲಂತನ ತಟ್ಟಿ ನೋಡಾಕತ್ತೇನ್ರಿ,” ಎಂದ ಅಣ್ಣ, ದಬ್ಬಣ ತೆಗೆದುಕೊಂಡು ಹೊಸ ಬಣ್ಣದೊಳಗೆ ಚುಚ್ಚಿಯೇಬಿಟ್ಟ. ಮೇಣ ಉದುರಿತು.

“ಕಣ್ಣಿನ ಜೋಡಿ ನಿನ್ನ ಕೈನೂ ಹೋತು,” ಎಂದು ವಕೀಲರು ಸಿಟ್ಟಿನಿಂದ ಗಾಡಿ ಹತ್ತಿದರು. ಅಣ್ಣ ನನ್ನ ಹೆಸರೆತ್ತಲಿಲ್ಲ. ತಡವರಿಸುತ್ತ ಹೋಗಿ ಗಾಡಿಗೆ ಅಡ್ಡ ನಿಂತ. “ತಪ್ಪು ನಮ್ಮ ಅಂಗಡಿದು. ಹೊಸಾ ತಗಡ ಕೂಡಿಸೋತನಕ ಈ ಗಾಡಿ ಕದಲಂಗಿಲ್ರಿ. ಬೇಕಾದ್ರ ನನ್ನ ಮ್ಯಾಲೆ ಹಾಯಿಸ್ಕೊಂಡು ಹೋಗ್ರಿ.”

ವಕೀಲರು ಇಳಿದು ಟಾಂಗಾ ಹಿಡಿದರು. ತಗಡನ್ನು ಅಂದೇ ಬೆಸೆದೆವು.

ಹಸನಸಾಬನ ಕೈ ಕೆಟ್ಟಿತೆಂಬ ಮಾತು ಮಾತ್ರ ಧಾರವಾಡದ ತುಂಬ ಹರಡಿತು. ಅಣ್ಣ ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ. ಮೇಣ ತುಂಬಿದವನು ನಾನು. ಇದನ್ನು ಓದಿದ ಮೇಲೆ ನನ್ನ ಅಂಗಡಿಗೆ ಯಾರೂ ಬರದಿದ್ದರೂ ಸರಿ, ಅವನ ಕೈ ಕೆಟ್ಟಿರಲಿಲ್ಲ.